ಕಡಲು–ಹೊಳೆಯ ನಡುವಿನ ಒಂದು ಮನೆ: ಅಡುಗೆಕೋಣೆಯ ತಾರಸಿ ಮತ್ತು ಮಗಳ ಪ್ಯಾಡಲಿಂಗ್ ಬೋರ್ಡು

ಮಂಗಳೂರಿನಿಂದ ಉತ್ತರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಗಿ ಹಳೆಯಂಗಡಿಯಲ್ಲಿ ಪಶ್ಚಿಮಕ್ಕೆ ತಿರುಗಿದರೆ ಸಸಿಹಿತ್ಲು ಸಿಗುತ್ತದೆ. ಶಾಂಭವಿ ಮತ್ತು ನಂದಿನಿ ನದಿಗಳು ಒಂದಾಗಿ ಸಮುದ್ರ ಸೇರುವ ಅಳಿವೆ ಇಲ್ಲಿದೆ. ಅಳಿವೆಯ ಆಚೆ ದಡ ಉಡುಪಿ ಜಿಲ್ಲೆಗೆ ಸೇರಿದ ಹೆಜಮಾಡಿ ಕೋಡಿ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ನಡುವೆ ತೆಂಗಿನ ತೋಟಗಳು ಮತ್ತು ಮೀನುಗಾರರ ಮನೆಗಳಿರುವ ಮರಳಿನ ಪಟ್ಟಿ ಇದು. ಇಲ್ಲಿನ ಕಡಲ್ಕೊರೆತದ ಸುದ್ದಿ ಪ್ರತಿ ಮಳೆಗಾಲದಲ್ಲೂ ಪತ್ರಿಕೆಗಳಲ್ಲಿ ಬರುತ್ತದೆ. ಅದರ ಜೊತೆಗೆ ಈಚಿನ ವರ್ಷಗಳಲ್ಲಿ ಬರುತ್ತಿರುವ ಇನ್ನೊಂದು ಸುದ್ದಿ ಅಲೆಯಾಟದ್ದು. 2004ರಲ್ಲಿ ಮೂಲ್ಕಿಯ ಆಶ್ರಮವೊಂದರಲ್ಲಿ ಆರಂಭವಾದ ಮಂತ್ರ ಸರ್ಫ್ ಕ್ಲಬ್ಬಿನ ನಂತರ ಈ ತೀರದ ಮಕ್ಕಳಿಗೆ ಸರ್ಫಿಂಗ್ ಮತ್ತು ನಿಂತು ಹುಟ್ಟು ಹಾಕುವ ಸ್ಟ್ಯಾಂಡ್‌ಅಪ್ ಪ್ಯಾಡಲಿಂಗ್ ಪರಿಚಿತವಾದವು. 2016ರಿಂದ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಈ ಕರಾವಳಿಯಲ್ಲಿ ನಡೆಯತೊಡಗಿತು, 2024ರ ಮಾರ್ಚ್‌ನಲ್ಲಿ ಸಸಿಹಿತ್ಲುವಿನಲ್ಲೇ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ನಡೆಯಿತು. ಇದೇ ತೀರದಲ್ಲಿ ಪಳಗಿದ ತನ್ವಿ ಜಗದೀಶ್ 2016ರಲ್ಲಿ ಫಿಜಿಯ ವಿಶ್ವ ಸ್ಪರ್ಧೆಯಲ್ಲಿ ಭಾರತವನ್ನು ಪ್ರತಿನಿಧಿಸಿದ ಮೇಲೆ, ಹೆಣ್ಣುಮಕ್ಕಳನ್ನು ನೀರಿಗಿಳಿಸುವ ವಿಷಯದಲ್ಲಿ ಮನೆಗಳಲ್ಲಿ ನಡೆಯುತ್ತಿದ್ದ ಮಾತಿನ ಧಾಟಿ ಸ್ವಲ್ಪ ಬದಲಾಯಿತೆಂದು ಇಲ್ಲಿಯವರು ಹೇಳುತ್ತಾರೆ.

ನಾನಿಲ್ಲಿ ಹೇಳಹೊರಟ ಪ್ರಕರಣದ ಮನೆ ಈ ಪರಿಸರದ್ದು. ಮನೆಯವರ ಹೆಸರು, ಮನೆಯ ನಿಖರವಾದ ಜಾಗ, ಹುಡುಗಿ ಅಭ್ಯಾಸ ಮಾಡುವ ಕ್ಲಬ್ಬು, ಗುತ್ತಿಗೆದಾರರ ವಿವರ ಇವನ್ನೆಲ್ಲ ಬಿಟ್ಟಿದ್ದೇನೆ. ತಂದೆ ಆಳಸಮುದ್ರದ ಟ್ರಾಲ್ ಬೋಟಿನಲ್ಲಿ ದುಡಿಯುವವರು. ಬೋಟು ಮಂಗಳೂರಿನ ಧಕ್ಕೆಯಿಂದ ಹೊರಟರೆ ವಾರ, ಹತ್ತು ದಿನ ಮನೆಗೆ ಬರುವಂತಿಲ್ಲ. ತಾಯಿಗೆ ಸಹಕಾರಿ ಸಂಘವೊಂದರಲ್ಲಿ ಕೆಲಸ. ತಂದೆಯ ತಾಯಿ, ಒಂಬತ್ತನೆಯ ತರಗತಿಯ ಮಗಳು, ಅವಳಿಗಿಂತ ನಾಲ್ಕು ವರ್ಷ ಕಿರಿಯ ಮಗ ಸೇರಿ ಮನೆಯಲ್ಲಿ ಐವರು. ಮಗಳು ಹೊಳೆಯಲ್ಲಿ ಪ್ಯಾಡಲಿಂಗ್ ಕಲಿತು, ರೇಸಿನ ಅಭ್ಯಾಸಕ್ಕೆಂದು ಕ್ಲಬ್ಬು ಕೊಟ್ಟ 14 ಅಡಿ ಉದ್ದದ ಬೋರ್ಡನ್ನು ಮನೆಯಲ್ಲೇ ಇರಿಸಿಕೊಂಡಿದ್ದಳು.

ಕಟ್ಟಡ ದುರಸ್ತಿಯ ಸಲಹೆ ನನ್ನ ವೃತ್ತಿಯಾದ್ದರಿಂದ ನನ್ನನ್ನು ಕರೆಸಿದ್ದು ಮನೆ ನೋಡುವುದಕ್ಕೆ. ಅಡುಗೆಕೋಣೆಯ ಮೇಲಿನ ತಾರಸಿಯಿಂದ ಕಾಂಕ್ರೀಟಿನ ಚಕ್ಕೆಗಳು ಬೀಳತೊಡಗಿದ್ದವು, ಅದೇ ಕೋಣೆಯ ಹೊರಗೋಡೆ ಬುಡದಿಂದ ಮೊಳಕಾಲೆತ್ತರದವರೆಗೆ ಸಾರಣೆ ಕಳಚಿ ಬಿಳಿ ಪುಡಿ ಉಗುಳುತ್ತಿತ್ತು. ಆದರೆ ಮನೆಯೊಳಗೆ ಅಷ್ಟರಲ್ಲಿ ಈ ತೊಂದರೆಗೆ ಕಾರಣವೂ ಪರಿಹಾರವೂ ನಿಶ್ಚಯವಾಗಿ ಹೋಗಿದ್ದವು. ಮಗಳು ದಿನಾ ಹೊಳೆಯಿಂದ ಬಂದು ಬೋರ್ಡನ್ನು ಆ ಗೋಡೆಗೆ ಒರಗಿಸಿ ಕೊಡಗಟ್ಟಲೆ ನೀರು ಹೊಯ್ದು ತೊಳೆಯುತ್ತಿದ್ದಳು; ಅದರಿಂದಲೇ ಅಡುಗೆಕೋಣೆ ಕೆಟ್ಟಿತೆಂಬುದು ತಾಯಿಯ ತೀರ್ಮಾನ. ಮನೆಯ ಮುಂಭಾಗದ ಹಂಚಿನ ಮಾಡನ್ನೂ ತೆಗೆದು ಇಡೀ ಮನೆಗೆ ಹೊಸ ತಾರಸಿ ಹಾಕಿ, ಅದರ ಮೇಲೆ ಎರಡು ಕೋಣೆ ಎಬ್ಬಿಸಿ, ಸರ್ಫಿಂಗಿಗೆ ಬರುವವರಿಗೆ ಬಾಡಿಗೆಗೆ ಕೊಟ್ಟರೆ ಸಾಲವೂ ತೀರುತ್ತದೆ ಎಂಬುದು ತಂದೆಯ ಲೆಕ್ಕ. ಅಲ್ಲಿಯವರೆಗೆ ದುಡ್ಡು ಕೂಡಿಸಲು ಮಗಳ ಪ್ಯಾಡಲಿಂಗ್ ನಿಲ್ಲಿಸುವುದೆಂದೂ ಮಾತಾಗಿತ್ತು. ಅಂದರೆ ಮನೆ ಮತ್ತು ಆಟ ಒಂದಕ್ಕೊಂದು ಎದುರಾಳಿಗಳಾಗಿ ನಿಂತಿದ್ದವು. ಇವು ನಿಜಕ್ಕೂ ಎಷ್ಟರ ಮಟ್ಟಿಗೆ ಎದುರಾಳಿಗಳು ಎಂಬುದನ್ನು ಬಿಡಿಸಿ ನೋಡುವುದೇ ಮೊದಲ ಕೆಲಸವಾಯಿತು.

ಮನೆಯ ಮುಂಭಾಗವನ್ನು ಅಜ್ಜ ಕಟ್ಟಿಸಿದ್ದು: ಕೆಂಪುಕಲ್ಲಿನ ಗೋಡೆ, ಹೆಬ್ಬಲಸಿನ ಪಕ್ಕಾಸು (ಮಾಡಿನ ಓರೆ ತೊಲೆ), ಅದರ ಮೇಲೆ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹಬ್ಬಿದ ಈ ಮಾಡು ಉಪ್ಪುಗಾಳಿಗೆ ಹೆಚ್ಚು ಬಗ್ಗುವುದಿಲ್ಲ, ಏಕೆಂದರೆ ಹಂಚಿನಲ್ಲಿ ತುಕ್ಕು ಹಿಡಿಯುವಂಥದ್ದೇನೂ ಇಲ್ಲ. ಒಡೆದ ಕೆಲವು ಹಂಚು ಮತ್ತು ಗೆದ್ದಲು ತಿಂದ ನಾಲ್ಕಾರು ರೀಪು ಬಿಟ್ಟರೆ ಮುಂಭಾಗ ಗಟ್ಟಿಯಾಗಿತ್ತು. ಹಿಂಭಾಗದ ಅಡುಗೆಕೋಣೆ ಮತ್ತು ಬಚ್ಚಲು ಸುಮಾರು 25 ವರ್ಷಗಳ ಹಿಂದೆ ಸೇರಿಸಿದವು. ಆಗ ಹೊಯಿಗೆಗೆ (ಮರಳಿಗೆ) ದೂರ ಹೋಗುವ ಅಗತ್ಯ ಯಾರಿಗೂ ಕಾಣಲಿಲ್ಲ. ಅಳಿವೆಯ ಬದಿಯ ಹೊಯಿಗೆಯನ್ನೇ ದೋಣಿಯಲ್ಲಿ ತಂದು, ತೊಳೆಯದೆ, ಕಾಂಕ್ರೀಟಿಗೆ ಬೆರೆಸಿದ್ದರೆಂದು ಅಜ್ಜಿಗೆ ಸ್ಪಷ್ಟವಾಗಿ ನೆನಪಿತ್ತು.

ಒಲೆಯ ಮೇಲ್ಭಾಗದಲ್ಲಿ ಏಣಿ ಹಾಕಿ ಸುತ್ತಿಗೆಯ ಹಿಡಿಯಿಂದ ತಾರಸಿಯ ಅಡಿಯನ್ನು ತಟ್ಟುತ್ತ ಹೋದಾಗ, ಗಟ್ಟಿ ಜಾಗದಲ್ಲಿ ಠಣ್ಣೆಂದ ಸದ್ದು ಕೆಲವೇ ಅಂಗುಲ ಆಚೆಗೆ ಪೊಳ್ಳಾಗುತ್ತಿತ್ತು. ಪೊಳ್ಳಾದಲ್ಲೆಲ್ಲ ಸುಣ್ಣದ ಮೇಲೆ ಸರಳಿನ ಗೆರೆಯನ್ನೇ ಹಿಡಿದು ಕಂದು ಬಣ್ಣದ ಬಿರುಕು ಓಡಿತ್ತು. ಒಂದು ಕಡೆ ಚಕ್ಕೆ ತೆಗೆಸಿ ನೋಡಿದರೆ 8 ಮಿ.ಮೀ. ಸರಳು ಅರ್ಧಕ್ಕೆ ಸವೆದು, ಉಗುರಿನಿಂದ ಕೆರೆದರೆ ಪದರ ಪದರವಾಗಿ ಉದುರಿತು. ಅದರ ಕೆಳಗಿನ ಕಾಂಕ್ರೀಟಿನ ಹೊದಿಕೆ 15 ಮಿ.ಮೀ. ಕೂಡ ಇರಲಿಲ್ಲ. ಕರಾವಳಿಯ ವಾತಾವರಣಕ್ಕೆ ತೆರೆದುಕೊಂಡ ಕಾಂಕ್ರೀಟಿಗೆ ಭಾರತೀಯ ಮಾನಕ ಐಎಸ್ 456:2000 ಹೇಳುವುದು ಕನಿಷ್ಠ ಎಂ30 ದರ್ಜೆಯ (ಎಂ ಮುಂದಿನ ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟು ಗಟ್ಟಿ) ಮಿಶ್ರಣ ಮತ್ತು 45 ಮಿ.ಮೀ. ಹೊದಿಕೆ; ಅಲೆಯ ಸಿಂಪರಣೆಯೇ ತಾಗುವಲ್ಲಿ ಎಂ35 ಮತ್ತು 50 ಮಿ.ಮೀ. ನಮ್ಮ ಕರಾವಳಿಯ ಹಳ್ಳಿಗಳಲ್ಲಿ ಈ ಅಂಕಿಗಳನ್ನು ಪಾಲಿಸಿ ಕಟ್ಟಿದ ಖಾಸಗಿ ಮನೆಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದು.

ಒಳ್ಳೆಯ ಕಾಂಕ್ರೀಟಿನಲ್ಲಿ ಸಿಮೆಂಟಿನ ಕ್ಷಾರಗುಣದಿಂದ ಸರಳಿನ ಮೇಲೆ ತೆಳುವಾದ ರಕ್ಷಣಾ ಪದರವೊಂದು ಉಂಟಾಗಿ ಅದನ್ನು ತುಕ್ಕಿನಿಂದ ಕಾಯುತ್ತದೆ. ಉಪ್ಪಿನ ಕ್ಲೋರೈಡು ಸರಳಿನವರೆಗೆ ತಲುಪಿದಾಗ ಈ ಪದರ ಮುರಿಯುತ್ತದೆ, ತೇವ ಮತ್ತು ಗಾಳಿ ಸೇರಿ ಕಬ್ಬಿಣ ತುಕ್ಕಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಹೊದಿಕೆ ಒಳಗಿನಿಂದಲೇ ಸೀಳುತ್ತದೆ. ಸಾಮಾನ್ಯವಾಗಿ ಕ್ಲೋರೈಡು ಹೊರಗಿನಿಂದ ನಿಧಾನವಾಗಿ ಒಳಹೊಗುತ್ತದೆ. ಇಲ್ಲಿ ಹಾಗಾಗಿರಲಿಲ್ಲ. ತಾರಸಿಯ ನಾಲ್ಕು ಕಡೆ ಬೇರೆ ಬೇರೆ ಆಳದಲ್ಲಿ ತೆಗೆದ ಪುಡಿಯನ್ನು ಪ್ರಯೋಗಾಲಯಕ್ಕೆ ಕೊಟ್ಟಾಗ, ಹೊರಮೈಯಲ್ಲೂ ನಡುಗರ್ಭದಲ್ಲೂ ಉಪ್ಪು ಹೆಚ್ಚುಕಡಿಮೆ ಒಂದೇ ಸಮನಾಗಿ ಕಂಡಿತು, ಬೋರ್ಡು ತೊಳೆಯುವ ಗೋಡೆಯಿಂದ ತೀರಾ ದೂರದ ಮೂಲೆಯಲ್ಲೂ ಅಷ್ಟೇ ಇತ್ತು. ಉಪ್ಪು ಮೊದಲ ದಿನವೇ ಹೊಯಿಗೆಯ ಜೊತೆ ಸೇರಿದ್ದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಾಗಿರಲಿಲ್ಲ. ಮಗಳು ಹುಟ್ಟುವ ಮೊದಲೇ ಈ ತಾರಸಿಯ ಹಣೆಬರಹ ಬರೆದಾಗಿತ್ತು.

ಗೋಡೆಯ ಬುಡದ ವಿಷಯ ಬೇರೆ. ಅಲ್ಲಿ ತಾಯಿಯ ಮಾತಿನಲ್ಲಿ ಹುರುಳಿತ್ತು. ಕೆಂಪುಕಲ್ಲು ರಂಧ್ರಮಯವಾದ ಕಲ್ಲು. ಬುಡದಲ್ಲಿ ನಿಂತ ನೀರನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ, ನೀರು ಆರಿದಾಗ ಅದರಲ್ಲಿದ್ದ ಉಪ್ಪು ಸಾರಣೆಯ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ದೂಡುತ್ತದೆ. ಬೋರ್ಡಿನಿಂದ ಇಳಿದ ಹೊಳೆಯ ಉಪ್ಪುನೀರು ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಮನೆಯ ಬಾವಿ. ಮರಳಿನ ಪಟ್ಟಿಯ ಕೆಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುತ್ತದೆ. ಮಳೆ ನಿಂತ ಮೇಲೆ ಸೇದಿದಷ್ಟೂ ಅದು ಕರಗಿ, ಏಪ್ರಿಲ್ ಹೊತ್ತಿಗೆ ಬಾವಿಯ ನೀರು ಬಾಯಿಗೆ ಹಾಕಲಾಗದಷ್ಟು ಉಪ್ಪಾಗುತ್ತದೆ. ಉಪ್ಪು ತೊಳೆಯಲೆಂದು ಮಗಳು ಹೊಯ್ಯುತ್ತಿದ್ದದ್ದು ಬೇಸಿಗೆಯ ತಿಂಗಳುಗಳಲ್ಲಿ ಬರೀ ಇನ್ನಷ್ಟು ಉಪ್ಪು. ಇದಕ್ಕೆ ಪರಿಹಾರ ಅಗ್ಗವಾಗಿತ್ತು: ತೊಳೆಯುವ ಜಾಗವನ್ನು ಗೋಡೆಯಿಂದ ದೂರ, ತೆಂಗಿನ ಕಟ್ಟೆಯ ಬಳಿಗೆ ಸರಿಸುವುದು, ಬೋರ್ಡಿಗೆ ಪಂಚಾಯತಿ ನಳ್ಳಿಯ ಎರಡು ಕೊಡ ನೀರು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಗೋಡೆಯ ಬುಡದ ಸಿಮೆಂಟಿನ ಸಾರಣೆ ಕಿತ್ತು, ಒಂದು ಮಳೆಗಾಲ ಕಲ್ಲನ್ನು ಹಾಗೆಯೇ ಬಿಟ್ಟು ಉಪ್ಪು ಹೊರಬಂದ ಮೇಲೆ ಉಸಿರಾಡುವ ಸುಣ್ಣದ ಗಾರೆ ಹಚ್ಚುವುದು.

ತಾರಸಿಗೆ ತೇಪೆ ಹಾಕಬಹುದೆಂದು ಗುತ್ತಿಗೆದಾರರೊಬ್ಬರು ಹೇಳಿದ್ದರು. ಸಡಿಲ ಭಾಗ ತೆಗೆದು, ಸರಳಿನ ಹಿಂಬದಿಯವರೆಗೂ ಬಿಡಿಸಿ ತುಕ್ಕು ಉಜ್ಜಿ, ಸತುವಿನ ಲೇಪ ಕೊಟ್ಟು ಪಾಲಿಮರ್ ಗಾರೆ ತುಂಬುವ ವಿಧಾನ ಸರಿಯಾದದ್ದೇ, ಆದರೆ ಅದು ಉಪ್ಪು ಕೆಲವೆಡೆ ಮಾತ್ರ ಇರುವ ಕಾಂಕ್ರೀಟಿಗೆ. ಇಡೀ ತಾರಸಿಯಲ್ಲೇ ಉಪ್ಪಿದ್ದರೆ ಹೊಸ ತೇಪೆಯ ಅಂಚಿನಾಚೆಯ ಸರಳು ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ, ಎರಡು ಮೂರು ಮಳೆಗಾಲದಲ್ಲಿ ತೇಪೆಯ ಸುತ್ತ ಹೊಸ ಬಿರುಕು ಉಂಗುರದಂತೆ ಬರುತ್ತದೆ. ಆದ್ದರಿಂದ ತಾರಸಿಯನ್ನು ಪೂರ್ತಿ ತೆಗೆಯುವುದೇ ಸರಿಯೆಂದು ಬರೆದುಕೊಟ್ಟೆ. ಅದರ ಬದಲಿಗೆ ಏನು ಎಂಬ ಪ್ರಶ್ನೆಯಲ್ಲಿ ಮನೆಯವರಿಗೆ ಇಷ್ಟವಾಗದ ಉತ್ತರ ಕೊಡಬೇಕಾಯಿತು: ಮುಂಭಾಗದ ಇಳಿಜಾರನ್ನೇ ಹಿಂದಕ್ಕೆ ಎಳೆದು ಅಡುಗೆಕೋಣೆಗೂ ಹಂಚು ಹೊದಿಸುವುದು.

ತಾರಸಿ ಮನೆ ಎಂಬುದು ಕರಾವಳಿಯಲ್ಲಿ ಬರೀ ಕಟ್ಟಡದ ಬಗೆಯಲ್ಲ, ಅದೊಂದು ಅಂತಸ್ತು. ಮಗಳಿಗೆ ನಾಳೆ ಸಂಬಂಧ ನೋಡುವಾಗ ಹಂಚಿನ ಮನೆಯವರೆಂದು ಜನ ಅಂದಾರು ಎಂದು ತಂದೆ ಹೇಳಿದ್ದು ತಮಾಷೆಗಲ್ಲ. ಮೀನು ಒಣಗಿಸಲು, ತೆಂಗಿನಕಾಯಿ ಹರಡಲು ತಾರಸಿ ಬೇಕೆಂಬ ವಾದವೂ ಬಂತು. ಈ ಮಾತಿಗೆ ಅಜ್ಜಿಯ ಉತ್ತರ ಚಿಕ್ಕದು: “ಮೀನು ಒಣಗಿಸಲು ಕಡಲ ಬದಿಯ ಹೊಯಿಗೆ ಇಲ್ವಾ ಮಗಾ? ಹಂಚು ತೆಗೆದರೆ ನಾವು ಒಳಗೆ ಒಣಗುತ್ತೇವೆ.” ಬೇಸಿಗೆಯ ಮಧ್ಯಾಹ್ನ ತಾರಸಿಯ ಕೆಳಗಿನ ಅಡುಗೆಕೋಣೆಯಲ್ಲೂ ಹಂಚಿನ ಚಾವಡಿಯಲ್ಲೂ ಹತ್ತು ನಿಮಿಷ ಕುಳಿತವರಿಗೆ ಈ ಮಾತನ್ನು ಒಪ್ಪುವುದು ಕಷ್ಟವಲ್ಲ.

ಕೊನೆಗೆ ತಂದೆಯ ಯೋಜನೆ ಬಿದ್ದುಹೋದದ್ದು ಕಾನೂನಿನ ಮುಂದೆ. ಮನೆ ಹೊಳೆಯ ಬದಿಯಿಂದ ಕರಾವಳಿ ನಿಯಂತ್ರಣ ವಲಯದ ಅಭಿವೃದ್ಧಿ ನಿಷೇಧ ಪ್ರದೇಶದೊಳಗೆ ಬರುತ್ತಿತ್ತು. 2019ರ ಅಧಿಸೂಚನೆಯಂತೆ ಗ್ರಾಮೀಣ ಕರಾವಳಿಯ ಈ ಪ್ರದೇಶದಲ್ಲಿ ಈಗಿರುವ ಅಧಿಕೃತ ಕಟ್ಟಡವನ್ನು, ಅದರ ಪಂಚಾಂಗದ (ಅಡಿಪಾಯದ) ವಿಸ್ತೀರ್ಣವನ್ನೂ ಒಟ್ಟು ನೆಲದ ಅನುಪಾತವನ್ನೂ (ನಿವೇಶನಕ್ಕೆ ಹೋಲಿಸಿದಾಗ ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣ) ಮೀರದೆ, ದುರಸ್ತಿ ಮಾಡಬಹುದು ಅಥವಾ ಮತ್ತೆ ಕಟ್ಟಬಹುದು. ಮೇಲೆ ಹೊಸದಾಗಿ ಎರಡು ಕೋಣೆ ಎಬ್ಬಿಸುವುದು ಇದರೊಳಗೆ ಬರುವುದಿಲ್ಲ. ನೆರೆಯಲ್ಲಿ ಯಾರೋ ಕಟ್ಟಿದ್ದಾರೆ, ಏನೂ ಆಗಿಲ್ಲ ಎಂಬ ಮಾತು ಗುತ್ತಿಗೆದಾರರದ್ದು. ಆದರೆ ಸಾಲ ಮಾಡಿ ಕಟ್ಟಿದ ಮಹಡಿಗೆ ಮನೆ ನಂಬರು ಸಿಗದಿದ್ದರೆ ನೋಟಿಸು ಬರುವುದು ಗುತ್ತಿಗೆದಾರರ ಹೆಸರಿಗಲ್ಲ. ಅದೇ ನಿಯಮಗಳಲ್ಲಿ ಸ್ಥಳೀಯರಿಗೆ ಅನುಕೂಲವಾದ ಇನ್ನೊಂದು ಅವಕಾಶವಿದೆ: ಪಂಚಾಂಗವನ್ನಾಗಲಿ ವಿನ್ಯಾಸವನ್ನಾಗಲಿ ಮುಖಭಾಗವನ್ನಾಗಲಿ ಬದಲಿಸದೆ ಇದ್ದ ಮನೆಯಲ್ಲೇ ಹೋಮ್‌ಸ್ಟೇ ನಡೆಸಬಹುದು. ಮುಂಭಾಗದ ಎರಡು ಕೋಣೆಗಳಲ್ಲಿ ಒಂದನ್ನು ಚೊಕ್ಕ ಮಾಡಿ ಕೊಟ್ಟರೆ, ಹಂಚಿನ ಮನೆಯೆಂಬುದೇ ಬರುವವರಿಗೆ ಬೇಕಾದ ಸಂಗತಿ ಎಂಬುದನ್ನು ತಾಯಿ ಎಲ್ಲರಿಗಿಂತ ಮೊದಲು ಗ್ರಹಿಸಿದರು.

ಇಷ್ಟಾದ ಮೇಲೂ ಒಂದು ನಿಜವಾದ ತಿಕ್ಕಾಟ ಉಳಿಯಿತು, ಅದು ದುಡ್ಡಿನದ್ದಕ್ಕಿಂತ ಕಾಲದ್ದು. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ. ತಂದೆ ಮನೆಯಲ್ಲಿರುವುದು ಆಗ, ಆದರೆ ಆಗ ಮಳೆ. ಮಾಡು ಬಿಚ್ಚುವಂತಿಲ್ಲ, ಕೈಯಲ್ಲಿ ದುಡ್ಡೂ ಇರುವುದಿಲ್ಲ. ಮೇಸ್ತ್ರಿ ಕೆಲಸಕ್ಕೆ ಒದಗುವ ಕಾಲ ನವೆಂಬರಿನಿಂದ ಮೇವರೆಗೆ, ಆಗ ತಂದೆ ಕಡಲಲ್ಲಿ. ಪ್ಯಾಡಲಿಂಗಿಗೂ ಇವೇ ತಿಂಗಳುಗಳು, ಏಕೆಂದರೆ ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಮರದ ದಿಮ್ಮಿ ಹೊತ್ತು ಹರಿಯುತ್ತದೆ. ಶಾಲೆಯ ಪರೀಕ್ಷೆ ಮಾರ್ಚ್‌ನಲ್ಲಿ, ಸ್ಪರ್ಧೆಗಳು ಬರುವುದೂ ಮಾರ್ಚಿನಿಂದ ಜೂನ್ ಆರಂಭದೊಳಗೆ. ಇದರ ಮೇಲೆ ನೀರಿನ ಮಾತು: ಸರಳು ಇರುವ ಕಾಂಕ್ರೀಟಿಗೆ ಬೆರೆಸುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಮ್ ಮೀರಬಾರದೆಂದು ಅದೇ ಮಾನಕ ಹೇಳುತ್ತದೆ. ಈ ಮನೆಯ ಬಾವಿ ಬೇಸಿಗೆಯ ನಡುವೆಯೇ ಆ ಮಿತಿ ದಾಟುವುದು ಪರೀಕ್ಷೆಯಿಂದ ಗೊತ್ತಾಗಿತ್ತು. ಹೊಸ ಮಾಡಿಗೆಂದು ಗೋಡೆಯ ತಲೆಯ ಮೇಲೆ ಬರಬೇಕಾದ ಕಾಂಕ್ರೀಟ್ ಪಟ್ಟಿ ಮತ್ತು ಅದರ ಕ್ಯೂರಿಂಗ್ (ಗಟ್ಟಿಯಾಗುವವರೆಗೆ ತೇವವಾಗಿಡುವುದು), ಬಾವಿ ಸಿಹಿಯಿರುವ ಡಿಸೆಂಬರ್, ಜನವರಿಯಲ್ಲೇ ಮುಗಿಯಬೇಕಿತ್ತು.

ಆದ್ದರಿಂದ ಕೆಲಸದ ಕ್ರಮವನ್ನು ಬಾವಿಯೂ ಕ್ರೀಡೆಯ ಕ್ಯಾಲೆಂಡರೂ ಸೇರಿ ನಿರ್ಧರಿಸಿದವು. ಮಳೆಗಾಲದಲ್ಲಿ ತಂದೆ ಮನೆಯಲ್ಲಿದ್ದಾಗ ಮಾತುಕತೆ, ಅಂದಾಜು, ಪಂಚಾಯತಿಯ ಅರ್ಜಿ, ಹಳೆಯ ಮನೆ ಕೆಡವಿದಲ್ಲಿಂದ ಪಕ್ಕಾಸು ಮತ್ತು ಹಂಚು ಖರೀದಿ ಆದವು. ನವೆಂಬರಿನಲ್ಲಿ ಅಡುಗೆಯನ್ನು ಹಿಂದೆ ಚಾಚಿಕೊಂಡ ಮಾಡಿನಡಿಗೆ ಸ್ಥಳಾಂತರಿಸಿ ತಾರಸಿ ಒಡೆಸಲಾಯಿತು. ಕೆಲಸದವರು ಬರುವುದು ಒಂಬತ್ತಕ್ಕೆ. ಹುಡುಗಿಯ ಅಭ್ಯಾಸ ಬೆಳಗಿನ ಆರರಿಂದ ಎಂಟರವರೆಗೆ, ಏಕೆಂದರೆ ಹೊತ್ತು ಏರಿದ ಮೇಲೆ ಕಡಲಗಾಳಿ ಎದ್ದು ಹೊಳೆಯ ಮೈ ಕದಡುತ್ತದೆ. ಹಾಗಾಗಿ ತಾಯಿ ಕೆಲಸಕ್ಕೆ ಹೊರಡುವ ಮೊದಲು ಮೇಸ್ತ್ರಿಗೆ ಹೇಳಬೇಕಾದ್ದನ್ನು ಹೇಳುವುದಕ್ಕೂ, ಮಗಳು ಬಂದು ಕ್ಯೂರಿಂಗಿನ ಗೋಣಿ ನೆನೆಸಿ ಶಾಲೆಗೆ ಹೋಗುವುದಕ್ಕೂ ಹೊತ್ತು ಸಿಕ್ಕಿತು. ಆಕೆಯ ಪ್ಯಾಡಲಿಂಗ್ ನಿಲ್ಲಿಸಿದ್ದರೆ ಗೋಣಿ ನೆನೆಸುವವರು ಬೆಳಿಗ್ಗೆ ಏಳುತ್ತಿದ್ದರೋ ಇಲ್ಲವೋ ಎಂದು ಅಜ್ಜಿ ತಮಾಷೆ ಮಾಡುತ್ತಿದ್ದರು.

ಕಾಂಕ್ರೀಟ್ ಪಟ್ಟಿಗೆ ಸರ್ಕಾರಿ ಪರವಾನಗಿಯ ಕ್ರಷರಿನ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು), ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆತ ಸಿಮೆಂಟು, ಸರಳಿನ ಕೆಳಗೆ 45 ಮಿ.ಮೀ. ಹೊದಿಕೆ ಉಳಿಯಲೆಂದು ಮೊದಲೇ ಎರೆದಿಟ್ಟ ಗಾರೆಯ ಬಿಲ್ಲೆಗಳು. ಈ ಬಿಲ್ಲೆಗಳ ಬದಲು ಜಲ್ಲಿ ಚೂರು ಇಟ್ಟರೆ ಸಾಕೆಂದು ಸೆಂಟ್ರಿಂಗಿನವರು ಹಟ ಹಿಡಿದರು. ಅಂದು ಅಳತೆಪಟ್ಟಿ ಹಿಡಿದು ನಿಂತದ್ದು ಹನ್ನೊಂದರ ಮಗ. ಮಾಡಿನ ಮೊಳೆ, ತಿರುಪುಗಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬಳಸಲಾಯಿತು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 304 ಈ ಗಾಳಿಯಲ್ಲಿ ಕಂದು ಚುಕ್ಕೆ ಹಿಡಿಯುತ್ತದೆ. ಒಟ್ಟು ವೆಚ್ಚ ತಾರಸಿ ಮತ್ತು ಮಹಡಿಗೆ ಹೇಳಿದ್ದ ಅಂದಾಜಿನ ಅರ್ಧವನ್ನೂ ಮುಟ್ಟಲಿಲ್ಲ.

ಬೋರ್ಡಿನ ಜಾಗದ ಪ್ರಶ್ನೆಯನ್ನು ಮನೆಯವರು ಚಿಕ್ಕದೆಂದು ತಿಳಿದಿದ್ದರು, ನನಗೆ ಹಾಗನಿಸಲಿಲ್ಲ. ಹಿಂದಿನ ವರ್ಷ ಪಶ್ಚಿಮದ ಗೋಡೆಗೆ ತಗಡಿನ ಚಪ್ಪರ ಹಾಕಿ ಬೋರ್ಡನ್ನು ಅದರಡಿ ಇರಿಸಿದ್ದರು. ರೇಸಿನ ಬೋರ್ಡಿನ ಒಳಗೆ ಹಗುರವಾದ ಥರ್ಮಾಕೋಲಿನಂಥ ತಿರುಳು, ಹೊರಗೆ ಎಪಾಕ್ಸಿ ಮತ್ತು ನಾರಿನ ತೆಳು ಕವಚ. ತಗಡಿನ ಕೆಳಗಿನ ಬಿಸಿಗೆ ತಿರುಳಿನ ಗಾಳಿ ಹಿಗ್ಗಿದರೆ ಕವಚ ಮೇಲೇಳುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ತಗ್ಗಿ ಮತ್ತೆ ಉಬ್ಬುವ ಗುಳ್ಳೆಯೊಂದು ಕಾಲಿಡುವ ಜಾಗದ ಹಿಂದೆ ಎದ್ದಿತ್ತು. ಇಂಥ ಹೊಸ ಬೋರ್ಡಿಗೆ ಲಕ್ಷ ರೂಪಾಯಿ ಮೀರುತ್ತದೆ, ಇದಂತೂ ಎರವಲು. 14 ಅಡಿಯೆಂದರೆ 4.27 ಮೀಟರು, ಮನೆಯಲ್ಲಿ ಅಷ್ಟುದ್ದದ ನೆರಳಿನ ಗೋಡೆ ಉತ್ತರದ ಜಗಲಿಯದ್ದು ಮಾತ್ರ. ಹೊಸ ಮಾಡಿನ ಇಳಿಜಾರು ಆ ಬದಿಗೆ ಹೇಗೂ ಬರುವುದಿತ್ತು. ಈಗಿನ ಜಗಲಿಯ ಪಂಚಾಂಗದ ಮೇಲೆಯೇ ಸೂರನ್ನು ಸ್ವಲ್ಪ ತಗ್ಗಿಸಿ, ಗೋಡೆಗೆ ಎರಡು ಮರದ ತೋಳು ಕೊಟ್ಟು, ಅವಕ್ಕೆ ಹಳೆಯ ಬಲೆಯ ಹಗ್ಗ ಸುತ್ತಿ ಬೋರ್ಡನ್ನು ಅಡ್ಡಲಾಗಿ ಮಲಗಿಸುವಂತೆ ಮಾಡಲಾಯಿತು. ಗುಳ್ಳೆಯನ್ನು ಕ್ಲಬ್ಬಿನವರೇ ಕೊರೆದು ಎಪಾಕ್ಸಿ ತುಂಬಿ ಸರಿಪಡಿಸಿದರು.

ನೀರಿನ ಸುರಕ್ಷತೆಯ ಬಗ್ಗೆ ತಂದೆಗೆ ಇದ್ದ ಅಳುಕು ಕಡಲು ಬಲ್ಲವರ ಅಳುಕು. ಇಳಿತದ ಹೊತ್ತಿನಲ್ಲಿ ಅಳಿವೆಯ ಬಾಗಿಲಿನ ಸೆಳೆತ ಎಂಥದ್ದೆಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ. ಜುಲೈಯಲ್ಲಿ ತರಬೇತುದಾರರ ಜೊತೆ ಕುಳಿತು ಅವರೇ ಒಂದು ಕರಾರು ಮಾಡಿಸಿದರು: ಅಭ್ಯಾಸ ಉಬ್ಬರದ ಜೊತೆ ಮೇಲ್ಮುಖವಾಗಿ, ಅಳಿವೆಯಿಂದ ದೂರಕ್ಕೆ, ಜೀವರಕ್ಷಕ ಜಾಕೆಟು ಕಡ್ಡಾಯ, ಬೋರ್ಡಿನಿಂದ ಕಾಲಿಗೆ ಕಟ್ಟುವ ಹಗ್ಗ ಹರಿವಿರುವ ನೀರಿನಲ್ಲಿ ಕಂಬಕ್ಕೋ ಬಲೆಗೋ ಸಿಕ್ಕಿಕೊಂಡರೆ ಬಿಡಿಸಲಾಗದ್ದರಿಂದ ಅದರ ಬದಲು ಎಳೆದೊಡನೆ ಕಳಚುವ ಸೊಂಟದ ಹಗ್ಗ. ಭರತ–ಇಳಿತದ ವೇಳೆಯನ್ನು ಮಗಳಿಗೆ ಆ್ಯಪ್ ನೋಡಿ ಹೇಳಲು ಬರುತ್ತದೆ. ತಿಥಿ ಎಣಿಸಿ ಹೇಳುವುದನ್ನು ಅಪ್ಪ ಆ ಮಳೆಗಾಲದಲ್ಲಿ ಕಲಿಸಿದರು.

ಮಾಡಿನ ಕೆಲಸ ಫೆಬ್ರವರಿಯೊಳಗೆ ಮುಗಿಯಿತು, ಮೊದಲ ಮಳೆಗಾಲದಲ್ಲಿ ಹಳೆಯ ಮತ್ತು ಹೊಸ ಇಳಿಜಾರು ಕೂಡುವ ತಗ್ಗಿನಲ್ಲಿ ಒಂದು ಕಡೆ ಸೋರಿದ್ದು ಬಿಟ್ಟರೆ ತೊಂದರೆ ಬರಲಿಲ್ಲ. ಹೋಮ್‌ಸ್ಟೇ ಇನ್ನೂ ನೋಂದಣಿಯಾಗಿಲ್ಲ. ಮಗಳು ಈಗ ಎಸ್ಸೆಸ್ಸೆಲ್ಸಿ. ಪರೀಕ್ಷೆ ಮುಗಿಯುವವರೆಗೆ ಅಭ್ಯಾಸ ವಾರದ ಕೊನೆಗೆ ಮಾತ್ರವೆಂದು ತಾಯಿ ಮಗಳ ನಡುವೆ ಒಪ್ಪಂದವಾಗಿದೆ, ಬೋರ್ಡನ್ನು ವಾರದ ದಿನಗಳಲ್ಲಿ ಕ್ಲಬ್ಬಿನ ಇನ್ನೊಬ್ಬಳು ಹುಡುಗಿ ಬಳಸುತ್ತಾಳೆ. ಬಚ್ಚಲಿನ ಮೇಲಿನ ತುಂಡು ತಾರಸಿ, ಅದೇ ಹೊಯಿಗೆಯದ್ದು, ಹಾಗೆಯೇ ಇದೆ. ಸದ್ಯಕ್ಕೆ ಅಡಿಯಲ್ಲಿ ಎರಡು ಕಬ್ಬಿಣದ ಜಾಕಿ ಕೊಟ್ಟು ನಿಲ್ಲಿಸಲಾಗಿದೆ. ಅದನ್ನು ಒಡೆಯುವ ಕೆಲಸ ಬರುವ ಡಿಸೆಂಬರಿಗೆ ಗೊತ್ತಾಗಿದೆ, ಮೇಸ್ತ್ರಿಗೆ ಮುಂಗಡ ಕೊಡುವ ಮೊದಲು ಬಾವಿಯ ನೀರನ್ನು ಮತ್ತೊಮ್ಮೆ ಪರೀಕ್ಷೆಗೆ ಕೊಡಬೇಕು.